ತುಗ್ಗಲಹಟ್ಟಿಯ ಬೋರಿಂಗಿಗೆ ಜೀವ ಬಂದದ್ದು

ಹಂಪಕ್ಕನ ಅರ್ಜಿಯನ್ನು ತಳ್ಳಿಹಾಕಿದ ಕಾಗದ ಬಂದದ್ದು ಯುಗಾದಿ ಕಳೆದ ಮೂರನೆಯ ದಿನ. ಮನೆಯಲ್ಲಿ ಇನ್ನೂ ಹೋಳಿಗೆ ಮಿಕ್ಕಿತ್ತು. ಅಂಚೆಯವನಿಗೆ ಒಂದು ಹೋಳಿಗೆ ಕೊಟ್ಟು, ಕೈ ಒರೆಸಿಕೊಂಡು, ಪಡಸಾಲೆಯ ಕಟ್ಟೆಯ ಮೇಲೆ ಕೂತು ಅವಳು ಅದನ್ನು ಮೂರು ಸಲ ಓದಿದಳು. ಏಳನೆಯ ತರಗತಿಯವರೆಗೆ ಓದಿದವಳು. ಸರ್ಕಾರಿ ಕನ್ನಡ ಮೊದಲ ಸಲಕ್ಕೆ ಅರ್ಥವಾಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಮೂರನೆಯ ಸಲಕ್ಕೆ ಅರ್ಥವಾಯಿತು. ಅವಳು ಕೊಳವೆಬಾವಿ ಕೊರೆಸಲು ತೋರಿಸಿದ ಜಾಗ ಸಾರ್ವಜನಿಕ ಕುಡಿಯುವ ನೀರಿನ ಮೂಲವೊಂದರಿಂದ ಇನ್ನೂರ ಹನ್ನೆರಡು ಮೀಟರ್ ದೂರದಲ್ಲಿದೆಯಂತೆ. ಐನೂರು ಮೀಟರ್ ಇರಬೇಕಂತೆ. ಆದ್ದರಿಂದ ಅನುಮತಿ ಇಲ್ಲವಂತೆ.

ಅವಳಿಗೆ ಸಿಟ್ಟಿಗಿಂತ ಮೊದಲು ಆಶ್ಚರ್ಯ ಬಂತು. ತುಗ್ಗಲಹಟ್ಟಿಯಲ್ಲಿ ಕುಡಿಯುವ ನೀರಿಗೆ ಇದ್ದದ್ದು ಎರಡೇ ದಾರಿ. ಗುಡ್ಡದ ಆಚೆಯಿಂದ ಬರುವ ನಲ್ಲಿ ನೀರು ಒಂದು, ಶಾಲೆಯ ಪಕ್ಕದ ಶುದ್ಧ ನೀರಿನ ಘಟಕ ಇನ್ನೊಂದು. ಎರಡೂ ಅವಳ ಹೊಲದಿಂದ ಕಿಲೋಮೀಟರಿನಷ್ಟು ದೂರ. ಹಾಗಾದರೆ ಇನ್ನೂರ ಹನ್ನೆರಡು ಮೀಟರ್ ದೂರದಲ್ಲಿ ಯಾರಿಗೂ ಗೊತ್ತಿಲ್ಲದಂತೆ ನೀರು ಇಟ್ಟುಕೊಂಡು ಕೂತಿರುವವರು ಯಾರು?

ಅವಳು ಮಾಗಳದ ಮಗಳು. ತುಂಗಭದ್ರೆಯ ದಂಡೆಯಲ್ಲಿ ಬೆಳೆದವಳಿಗೆ ನೀರಿಗೆ ಅರ್ಜಿ ಹಾಕುವುದೇ ಒಂದು ವಿಚಿತ್ರ. ಮದುವೆಯಾಗಿ ಕೂಡ್ಲಿಗಿ ಸೀಮೆಗೆ ಬಂದು ಇಪ್ಪತ್ತೆಂಟು ವರ್ಷವಾದರೂ ಆ ವಿಚಿತ್ರ ಹೋಗಿರಲಿಲ್ಲ. ಆದರೂ ಹಾಕಿದ್ದಳು. ಎರಡು ಎಕರೆಯಲ್ಲಿ ಹಡಗಲಿ ಮಲ್ಲಿಗೆ ಹಚ್ಚಬೇಕೆಂದು ಅವಳ ಆಸೆ. ಅರ್ಜಿ ಗಿರ್ಜಿ ಎಂದು ಕೂಡಬೇಡ, ಬೋರ್ ಲಾರಿ ಕರೆಸಿ ಹೊಡೆಸಿಬಿಡು ಎಂದು ಊರಲ್ಲಿ ಎಲ್ಲರೂ ಹೇಳಿದ್ದರು. ಆದರೆ ಹಿಂದಿನ ವರ್ಷ ಪಕ್ಕದ ಊರಲ್ಲಿ ಅನುಮತಿ ಇಲ್ಲದೆ ಕೊರೆಯುತ್ತಿದ್ದ ಲಾರಿಯನ್ನು ಹಿಡಿದು ಒಯ್ದಿದ್ದರು. ಒಂದು ಕೆಲಸವನ್ನು ಕಳ್ಳರ ಹಾಗೆ ಮಾಡಿ, ಆಮೇಲೆ ಲಾರಿಯವನ ಹೆಂಡತಿಯ ಬಾಯಿಂದ ಬೈಸಿಕೊಳ್ಳುವುದು ಹಂಪಕ್ಕನಿಗೆ ಬೇಕಿರಲಿಲ್ಲ.

ಅವಳೂ ಗಂಡ ಹನುಮಣ್ಣನೂ ಮರುದಿನ ಬೆಳಿಗ್ಗೆ ಹಗ್ಗ ಹಿಡಿದು ಹೊರಟರು. ಹನುಮಣ್ಣ ಕುರಿ ಕಾಯುವ ಮನುಷ್ಯ, ಮಾತು ಕಡಿಮೆ. ಹೆಂಡತಿ ಹಗ್ಗ ಹಿಡಿ ಎಂದರೆ ಹಿಡಿಯುತ್ತಾನೆ, ಎಳೆ ಎಂದರೆ ಎಳೆಯುತ್ತಾನೆ. ಬೋರಿಗೆ ತೋರಿಸಿದ್ದ ಹೊಲದ ಮೂಲೆಯಿಂದ ಮೂಡಲಿಗೆ ಇನ್ನೂರ ಹನ್ನೆರಡು ಮೀಟರ್ ಅಳೆದರು, ಜಾಲಿ ಪೊದೆ ಸಿಕ್ಕಿತು. ಬಡಗಲಿಗೆ ಅಳೆದರು, ಒಂದು ಹುತ್ತ ಸಿಕ್ಕಿತು. ತೆಂಕಲಿಗೆ ಅಳೆದಾಗ ಸಿಕ್ಕಿದ ಹುಲುಗೇಶನ ಕಣದಲ್ಲಿ ನೀರಿಗಿಂತ ಹೊಟ್ಟೇ ಹೆಚ್ಚಿತ್ತು. ಪಡುವಲಿಗೆ ಅಳೆದಾಗ ಹಗ್ಗದ ತುದಿ ಊರ ಬಾಗಿಲಿನ ಬೇವಿನ ಮರದ ಕೆಳಗೆ ಹೋಗಿ ನಿಂತಿತು. ಅಲ್ಲಿ ಹಳೆಯ ಕೈಪಂಪು ಇತ್ತು.

ಊರಿನವರು ಅದನ್ನು ಬೋರಿಂಗು ಎನ್ನುತ್ತಾರೆ. ಅದರಲ್ಲಿ ನೀರು ಬಂದು ಹನ್ನೊಂದು ವರ್ಷವಾಗಿತ್ತು. ಅದರ ಹಿಡಿಕೆಗೆ ಬೊಮ್ಮಯ್ಯನ ಎಮ್ಮೆ ಕಟ್ಟುತ್ತಿದ್ದರು, ಬಾಯಿಗೆ ಮಕ್ಕಳು ಕಲ್ಲು ಹಾಕುತ್ತಿದ್ದರು, ನೆತ್ತಿಯ ಮೇಲೆ ಕಾಗೆ ಕೂಡುತ್ತಿತ್ತು. ಹನುಮಣ್ಣ ಹಗ್ಗ ಸುತ್ತುತ್ತಾ, ಅಂದಿನ ಮೊದಲ ಮಾತಾಗಿ, ಇದೇ ಇರಬೇಕು ಎಂದ.

ಹಂಪಕ್ಕ ಬಸ್ಸು ಹತ್ತಿ ಅಂತರ್ಜಲದ ಕಚೇರಿಗೆ ಹೋದಳು. ಅಲ್ಲಿ ಇದ್ದವನು ಅರುಣ್ ಕುಮಾರ್ ಎಂಬ ಭೂವಿಜ್ಞಾನಿ. ಮೂವತ್ತರ ಆಸುಪಾಸಿನವನು, ಹರಪನಹಳ್ಳಿ ಕಡೆಯವನು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದರೂ ನಿಯಮದ ಪುಸ್ತಕವನ್ನು ಇನ್ನೂ ಪೂರ್ತಿ ನಂಬುತ್ತಿದ್ದ. ಅವಳ ಮಾತನ್ನು ಅವನು ಶ್ರದ್ಧೆಯಿಂದ ಕೇಳಿದ, ಕುರ್ಚಿ ಕೊಟ್ಟ, ರಿಜಿಸ್ಟರ್ ತೆಗೆದು ತೋರಿಸಿದ. ಅದರಲ್ಲಿ ತುಗ್ಗಲಹಟ್ಟಿಯ ಕೈಪಂಪಿನ ಮುಂದೆ ‘ಸುಸ್ಥಿತಿಯಲ್ಲಿದೆ’ ಎಂದು ಬರೆದಿತ್ತು.

“ಸಾಹೇಬ್ರ, ಅದು ಸತ್ತು ಹನ್ನೊಂದು ವರ್ಷ ಆತ್ರಿ. ವರ್ಷಕ್ಕೊಂದು ತಿಥಿ ಮಾಡಿದ್ರ ನೀವೂ ಬಂದು ಉಂಡು ಹೋಗಬಹುದಿತ್ತು,” ಎಂದಳು ಹಂಪಕ್ಕ.

“ನಿಮ್ಮ ಪಾಲಿಗೆ ಸತ್ತೈತಮ್ಮ. ನನ್ನ ರಿಜಿಸ್ಟರಿನಾಗೆ ಬದುಕೈತೆ. ಸತ್ತಿದ್ದು ನಿಜ ಅಂತ ನಾನೇ ಬಂದು ನೋಡಿ ಬರೆದ ಮೇಲೇ ಅದು ಸಾಯಾದು,” ಎಂದ ಅರುಣ್ ಕುಮಾರ್. ಅವನು ತಮಾಷೆ ಮಾಡುತ್ತಿರಲಿಲ್ಲ.

ಕ್ರಮವನ್ನೂ ಅವನೇ ವಿವರಿಸಿದ. ಇಬ್ಬರು ಸಾಕ್ಷಿಗಳ ಎದುರಿಗೆ ನಲವತ್ತು ಸಲ ಹಿಡಿಕೆ ಒತ್ತಬೇಕು. ನೀರು ಬರದಿದ್ದರೆ ಮಹಜರು ಬರೆಯುತ್ತಾರೆ. ಆಮೇಲೆ ಪಂಪು ಕಿತ್ತು, ಕಟ್ಟೆ ಒಡೆದು, ರಂಧ್ರ ಮುಚ್ಚುತ್ತಾರೆ. ಅಲ್ಲಿಗೆ ಅವಳ ಹೊಲದ ಸುತ್ತ ಐನೂರು ಮೀಟರಿನೊಳಗೆ ಯಾವ ಅಡ್ಡಿಯೂ ಉಳಿಯುವುದಿಲ್ಲ. ಎರಡು ವಾರ ಬಿಟ್ಟು ಗುರುವಾರ ಬರುತ್ತೇನೆ ಎಂದ. ಹಂಪಕ್ಕ ಸಂತೋಷದಿಂದ ಊರಿಗೆ ಬಂದು ಎಲ್ಲರಿಗೂ ಹೇಳಿದಳು. ಹೇಳಬಾರದಿತ್ತು.

ಬೊಮ್ಮಯ್ಯನ ಮನೆ ಆ ಬೇವಿನ ಮರದ ಎದುರಿಗೇ ಇತ್ತು. ಐವತ್ತೈದರ ಮನುಷ್ಯ. ಒಂದು ಸಲ ಪಂಚಾಯ್ತಿ ಸದಸ್ಯನಾಗಿದ್ದವನು, ಮೂರು ಸಲ ಸೋತವನು. ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಅವನು ಎದ್ದದ್ದನ್ನು ಊರು ನೋಡಿರಲಿಲ್ಲ. ಬೋರಿಂಗು ಸಾಯುವುದಕ್ಕೆ ಅವನ ತಕರಾರು ಏನೂ ಇರಲಿಲ್ಲ. ಕಟ್ಟೆ ಒಡೆಯುತ್ತಾರೆ ಎಂಬ ಮಾತು ಮಾತ್ರ ಅವನ ಎದೆಗೆ ಬಿತ್ತು. ಆ ಬೋರಿಂಗನ್ನು ಊರಿಗೆ ತಂದವನು ಅವನ ಅಪ್ಪ ಅಜ್ಜಯ್ಯ. ಕಟ್ಟೆಯ ಸಿಮೆಂಟು ಹಸಿಯಿದ್ದಾಗ ಯಾರೋ ಮೊಳೆಯಿಂದ ‘ಅಜ್ಜಯ್ಯನವರ ಪ್ರಯತ್ನದಿದ’ ಎಂದು ಗೀರಿದ್ದರು. ಒಂದು ಸೊನ್ನೆ ಬಿಟ್ಟುಹೋಗಿತ್ತು. ತುಗ್ಗಲಹಟ್ಟಿಯಲ್ಲಿ ಅಜ್ಜಯ್ಯನ ಹೆಸರು ಬರೆದದ್ದು ಇನ್ನೆಲ್ಲೂ ಇರಲಿಲ್ಲ. ಫೋಟೋ ಕೂಡ ಇರಲಿಲ್ಲ, ಯಾಕೆಂದರೆ ಫೋಟೋ ತೆಗೆಯುವವನು ಬಂದ ದಿನ ಅಜ್ಜಯ್ಯ ಕೊಟ್ಟೂರಿಗೆ ಹೋಗಿದ್ದ. ಬೊಮ್ಮಯ್ಯನ ಮುದಿ ತಾಯಿ ಮೈಲಮ್ಮ ದಿನಾ ಸಂಜೆ ಆ ಕಟ್ಟೆಯ ಮೇಲೇ ಕೂತು ಎಲೆ ಅಡಿಕೆ ಹಾಕುತ್ತಿದ್ದಳು.

ಬೊಮ್ಮಯ್ಯ ಕಾನಹೊಸಹಳ್ಳಿಗೆ ಹೋಗಿ ಪಂಪ್ ರಿಪೇರಿಯ ನಬೀಸಾಬನನ್ನು ಕರೆದುಕೊಂಡು ಬಂದ. ನಬೀಸಾಬ್ ಮೂವತ್ತು ವರ್ಷದಿಂದ ಸುತ್ತಲ ಊರುಗಳ ಕೈಪಂಪು, ಮೋಟರು ನೋಡುತ್ತಿದ್ದವನು. ಅವನು ರಂಧ್ರದೊಳಕ್ಕೆ ದಾರಕ್ಕೆ ಬೋಲ್ಟು ಕಟ್ಟಿ ಬಿಟ್ಟು ನೋಡಿ, ಮಕ್ಕಳು ಹಾಕಿದ ಕಲ್ಲಿನಿಂದ ಬೋರು ಮೂವತ್ತು ಅಡಿಯವರೆಗೆ ತುಂಬಿದೆ, ಈಗ ಇದು ಬೋರಲ್ಲ, ಉದ್ದನೆಯ ಹಂಡೆ ಎಂದ. ಬೊಮ್ಮಯ್ಯನಿಗೆ ಹೊಳೆದದ್ದು ಆಗಲೇ. ಹಂಡೆಯಾದರೆ ಮೇಲಿಂದ ನೀರು ಹಾಕಬಹುದಲ್ಲ.

ಒಂದು ದಿನದ ಮಟ್ಟಿಗೆ ಎಂದು ಬೊಮ್ಮಯ್ಯ ಬೇಡಿಕೊಂಡ. ನಬೀಸಾಬನಿಗೆ ಮನಸ್ಸಿರಲಿಲ್ಲ. ಆದರೆ ಅಪ್ಪನ ಹೆಸರಿನ ಮಾತು ಬಂದಾಗ ಅವನು ಮೆತ್ತಗಾದ. ಪೈಪು ಗಿಡ್ಡ ಮಾಡಿ, ಹೊಸ ವಾಷರ್ ಹಾಕಿ, ಹಿಡಿಕೆಗೆ ಗ್ರೀಸು ಹಚ್ಚಿ, ಪಂಪಿನ ನೆತ್ತಿಯ ಮುಚ್ಚಳದ ಬೋಲ್ಟು ಬಿಚ್ಚುವ ಪಾನವನ್ನು ಬೊಮ್ಮಯ್ಯನ ಕೈಗೆ ಕೊಟ್ಟು ಹೋದ. ಯಾರಾದರೂ ಕೇಳಿದರೆ ನಾನು ಗ್ರೀಸು ಹಚ್ಚಿದ್ದು ಮಾತ್ರ ನಿಜ ಎನ್ನುತ್ತೇನೆ ಎಂದು ಮೊದಲೇ ಹೇಳಿದ.

ಗುರುವಾರ ಬೆಳಗಿನ ಐದಕ್ಕೆ ಬೊಮ್ಮಯ್ಯ ಎದ್ದು, ಮೊಪೆಡ್ಡಿನಲ್ಲಿ ಎರಡು ಸಲ ಹೋಗಿ, ಶುದ್ಧ ನೀರಿನ ಘಟಕದಿಂದ ಇಪ್ಪತ್ತು ಲೀಟರಿನ ಎಂಟು ಕ್ಯಾನು ತಂದು ಬೋರಿಂಗಿಗೆ ಸುರಿದ. ನಲ್ಲಿ ನೀರನ್ನೇ ಸುರಿಯಬಹುದಿತ್ತು. ಆದರೆ ಅಪ್ಪನ ಬೋರಿಂಗಿಗೆ ಅಗ್ಗದ ನೀರು ಹಾಕಲು ಅವನಿಗೆ ಮನಸ್ಸು ಬರಲಿಲ್ಲ.

ಹತ್ತು ಗಂಟೆಗೆ ಅರುಣ್ ಕುಮಾರ್ ಬಂದ. ಹಂಪಕ್ಕ ಹೊಸ ಸೀರೆ ಉಟ್ಟು ಬಂದಿದ್ದಳು. ಪಂಚಾಯ್ತಿಯ ನೀರಗಂಟಿ ಮಾರೇಶ್ ತೋಳು ಮಡಚಿ ಹಿಡಿಕೆ ಒತ್ತತೊಡಗಿದ. ಅರುಣ್ ಕುಮಾರ್ ಗಟ್ಟಿಯಾಗಿ ಎಣಿಸುತ್ತಿದ್ದ. ಹನ್ನೊಂದು, ಹನ್ನೆರಡು ಎನ್ನುವವರೆಗೆ ಗಾಳಿ ಬಂತು. ಹದಿಮೂರಕ್ಕೆ ಬೋರಿಂಗು ಕೆಮ್ಮಿತು. ಹದಿನಾಲ್ಕಕ್ಕೆ ತೋಳಿನ ಗಾತ್ರದ ನೀರು ಮಾರೇಶನ ಚಪ್ಪಲಿಯ ಮೇಲೆ ಬಿತ್ತು. ಅವನು ಹಿಡಿಕೆ ಬಿಟ್ಟು ಹಿಂದಕ್ಕೆ ಹಾರಿ, ಪಕ್ಕಕ್ಕೆ ಕಟ್ಟಿದ್ದ ಎಮ್ಮೆಯ ಮೇಲೆ ಬಿದ್ದ.

ಮೈಲಮ್ಮ ಕೋಲೂರಿಕೊಂಡು ಬಂದು, ಬೊಗಸೆಯಲ್ಲಿ ಹಿಡಿದು ಕುಡಿದು, ಮಗನ ಮುಖವನ್ನು ಬಹಳ ಹೊತ್ತು ನೋಡಿದಳು. “ನಿಮ್ಮಪ್ಪನ ನೀರು ಬಂತಲ್ಲೋ ಬೊಮ್ಮ,” ಎಂದಳು. ಬೊಮ್ಮಯ್ಯನಿಗೆ ಕಣ್ಣು ತುಂಬಿ ಬಂತು. ತಾನೇ ಸುರಿದ ನೀರು ಎಂಬುದು ಆ ಕ್ಷಣಕ್ಕೆ ಅವನಿಗೂ ಮರೆತುಹೋಗಿತ್ತು. ಯಾರೋ ಕಾಯಿ ಒಡೆದರು. ಅರುಣ್ ಕುಮಾರ್ ಉಳಿದ ಇಪ್ಪತ್ತಾರು ಸಲವನ್ನೂ ಬಿಡದೆ ಒತ್ತಿಸಿ, ‘ಸುಸ್ಥಿತಿಯಲ್ಲಿದೆ’ ಎಂಬುದರ ಕೆಳಗೆ ಗೆರೆ ಎಳೆದು ಸಹಿ ಮಾಡಿದ. ಸಾಕ್ಷಿ ಸಹಿ ಮಾಡಬೇಕಾದ ಇಬ್ಬರಲ್ಲಿ ಹಂಪಕ್ಕನೂ ಒಬ್ಬಳು. ತನ್ನ ಅರ್ಜಿಯ ಸಾವಿಗೆ ತಾನೇ ಸಹಿ ಹಾಕಿ ಅವಳು ಮನೆಗೆ ಹೋದಳು. ಅಂದು ಅಡುಗೆ ಮಾಡಲಿಲ್ಲ.

ಬೊಮ್ಮಯ್ಯ ತನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದ. ಮರುದಿನ ಬೆಳಿಗ್ಗೆ ಗದ್ದಲ ಕೇಳಿ ಹೊರಗೆ ಬಂದು ನೋಡಿದರೆ ಬೋರಿಂಗಿನ ಮುಂದೆ ಇಪ್ಪತ್ತು ಕೊಡ ಸಾಲಾಗಿ ನಿಂತಿದ್ದವು. ನೀರು ಸಿಹಿಯಾಗಿದೆ ಎಂಬ ಸುದ್ದಿ ಹರಡಿತ್ತು. ಆರು ಕೊಡ ತುಂಬುವಷ್ಟರಲ್ಲಿ ನೀರು ನಿಂತಿತು. ಪಾಪ, ಬೋರಿಂಗು ಹನ್ನೊಂದು ವರ್ಷ ಮಲಗಿತ್ತು, ನಿನ್ನೆಯ ಆಯಾಸ ಇರಬೇಕು, ನಾಳೆ ಬರ್ರಿ ಎಂದು ಬೊಮ್ಮಯ್ಯ ಎಲ್ಲರನ್ನೂ ಕಳಿಸಿದ. ಆದರೆ ತಾಯಿ ಕಟ್ಟೆಯ ಮೇಲೆ ಕೂತು ಒಣಗಿದ ಬಾಯಿಯ ಬೋರಿಂಗನ್ನು ನೋಡುತ್ತಿದ್ದದ್ದನ್ನು ನೋಡಿದ. ಮರುದಿನ ಮತ್ತೆ ಐದಕ್ಕೆ ಎದ್ದ.

ಅಲ್ಲಿಂದ ಅವನ ಬಾಳು ಬದಲಾಯಿತು. ಬೆಳಿಗ್ಗೆ ಎಂಟು ಕ್ಯಾನು, ಊರೆಲ್ಲ ಊಟ ಮಾಡಿ ಒರಗುವ ಮಧ್ಯಾಹ್ನದಲ್ಲಿ ಎಂಟು ಕ್ಯಾನು. ಯಾರಾದರೂ ನೋಡಿಬಿಟ್ಟಾರು ಎಂದು ಬೋರಿಂಗಿನ ಸುತ್ತ ನಾಲ್ಕು ಗಳ ನೆಟ್ಟು ಹೆಂಡತಿಯ ಹಳೆಯ ಸೀರೆ ಕಟ್ಟಿದ. ಒಳಗೆ ಅಭಿಷೇಕ ನಡೆಯುತ್ತದೆ, ಆ ಹೊತ್ತಿನಲ್ಲಿ ಯಾರೂ ಬರಬಾರದು ಎಂದ. ನೀರು ಸುರಿಯುವ ಗುಳುಗುಳು ಸದ್ದು ಕೇಳದಿರಲೆಂದು ಒಂದು ಕೈಯಲ್ಲಿ ಗಂಟೆ ಬಾರಿಸುತ್ತಿದ್ದ. ಕ್ಯಾನುಗಳು ಯಾಕೆ ಎಂದು ಕೇಳಿದವರಿಗೆ ಅಭಿಷೇಕಕ್ಕೆ ಎಂದ. ಅದು ಸುಳ್ಳೂ ಆಗಿರಲಿಲ್ಲ.

ಹತ್ತು ಕೊಡ ಹಾಕಿದರೆ ಆರೇ ಕೊಡ ವಾಪಸು ಬರುತ್ತಿತ್ತು. ಉಳಿದದ್ದನ್ನು ನೆಲ ಕುಡಿಯುತ್ತಿತ್ತು. ಇಷ್ಟು ನೀರು ಎಂಬತ್ತು ಮನೆಗೆ ಎಲ್ಲಿ ಸಾಕು? ಬೊಮ್ಮಯ್ಯ ನಿಯಮ ಮಾಡಿದ. ಮನೆಗೊಂದು ಚೀಟಿ. ಚೀಟಿ ಇದ್ದವರಿಗೆ ವಾರಕ್ಕೊಂದು ಕೊಡ. ಏಳರಿಂದ ಏಳೂವರೆ ಒಳಗೆ ಬರಬೇಕು. ಬೋರಿಂಗಿನಿಂದ ಐವತ್ತು ಹೆಜ್ಜೆಯೊಳಗೆ ಬಟ್ಟೆ ಒಗೆಯಬಾರದು, ಪಾತ್ರೆ ತಿಕ್ಕಬಾರದು, ಹೊಸದಾಗಿ ಗುಂಡಿ ತೋಡಬಾರದು. ಒಂದು ನೋಟ್‌ಬುಕ್ ತಂದು ಮನೆಗಳ ಹೆಸರು ಬರೆದ. ತನ್ನ ಎಮ್ಮೆಯನ್ನೂ ಐವತ್ತು ಹೆಜ್ಜೆ ಆಚೆಗೆ ಕಟ್ಟಿದ.

ಹಂಪಕ್ಕ ಇದನ್ನೆಲ್ಲ ದೂರದಿಂದ ನೋಡುತ್ತಿದ್ದಳು. ಹತ್ತನೆಯ ದಿನ ಅವಳೂ ಚೀಟಿ ಕೇಳಲು ಹೋದಳು. ಬೊಮ್ಮಯ್ಯ ಅರ್ಜಿ ಬರೆದು ಕೊಡು, ರೇಷನ್ ಕಾರ್ಡಿನ ಜೆರಾಕ್ಸ್ ಹಚ್ಚು ಎಂದ. ಅವಳು ಬರೆದು, ಹಚ್ಚಿ ಕೊಟ್ಟಳು. ಅವನು ನೋಡಿ, ಅಳೆದು, ನಿನ್ನ ಮನೆ ಬೋರಿಂಗಿಗೆ ದೂರ ಐತಿ, ಹತ್ತಿರದವರಿಗೆ ಮೊದಲು ಎಂದ.

“ಹೊಲ ಹತ್ತಿರ ಐತಿ ಅಂತ ಅವ್ರು ಕೊಡಲಿಲ್ಲ. ಮನಿ ದೂರ ಐತಿ ಅಂತ ನೀನು ಕೊಡಂಗಿಲ್ಲ,” ಎಂದಳು ಹಂಪಕ್ಕ. “ನಾನು ಎಲ್ಲಿ ನಿಂತ್ರ ನೀರು ಸಿಗತೈತಿ ಅಂತ ಒಂದು ಜಾಗ ತೋರ್ಸು ಬೊಮ್ಮಣ್ಣ, ಅಲ್ಲೇ ನಿಂತ್ಕೊಂತೀನಿ.”

ಬೊಮ್ಮಯ್ಯ ನೋಟ್‌ಬುಕ್ ತೆಗೆದ. ತಲೆ ತಗ್ಗಿಸಿ ಚೀಟಿ ಬರೆದುಕೊಟ್ಟ.

ಇಷ್ಟರಲ್ಲಿ ಊರಲ್ಲಿ ಇನ್ನೊಂದು ತಾಪತ್ರಯ ಶುರುವಾಗಿತ್ತು. ಶುದ್ಧ ನೀರಿನ ಘಟಕದಲ್ಲಿ ನೀರು ಬೇಗ ಖಾಲಿಯಾಗುತ್ತಿತ್ತು. ಬೊಮ್ಮಯ್ಯ ಹದಿನಾರು ಕ್ಯಾನು ಒಯ್ಯುತ್ತಿದ್ದನಲ್ಲ. ಘಟಕದಲ್ಲಿ ನೀರು ಸಿಗದವರು ಕೊಡ ಹಿಡಿದು ಬೋರಿಂಗಿಗೆ ಬರುತ್ತಿದ್ದರು. ಅವರಿಗೆ ಸಾಲದಾದಾಗ ಬೊಮ್ಮಯ್ಯ ಘಟಕಕ್ಕೆ ಇನ್ನೂ ಬೇಗ ಹೋಗಿ ಸಾಲಿನ ಮುಂದೆ ನಿಲ್ಲುತ್ತಿದ್ದ. ಹೀಗೆ ಊರು ಮೊದಲು ಕುಡಿಯುತ್ತಿದ್ದ ನೀರನ್ನೇ ಕುಡಿಯುತ್ತಿತ್ತು. ನಡುವೆ ಅದು ಒಂದು ಸಲ ಭೂಮಿಯೊಳಗೆ ಹೋಗಿ, ನಾಲ್ಕು ಕೊಡದಷ್ಟು ಕಡಿಮೆಯಾಗಿ ಬರುತ್ತಿತ್ತು, ಅಷ್ಟೆ. ಮಾರೇಶನ ಪ್ರಕಾರ ಘಟಕದ ನೀರಿಗಿಂತ ಬೋರಿಂಗಿನದು ರುಚಿ.

ತಿಂಗಳಾಗುವಷ್ಟರಲ್ಲಿ ಅರುಣ್ ಕುಮಾರ್ ಬಂದು ಸಣ್ಣ ಬಾಟಲಿಯಲ್ಲಿ ನೀರಿನ ಮಾದರಿ ಒಯ್ದ. ವರದಿ ಹಿಡಿದುಕೊಂಡು ಅವನೇ ಓಡಿ ಬಂದ. ಅವನ ಮುಖದಲ್ಲಿ ಬೆಳಕಿತ್ತು. ಸುತ್ತ ಎಲ್ಲಿ ತೋಡಿದರೂ ಫ್ಲೋರೈಡು, ಉಪ್ಪು. ಇಲ್ಲಿ ಮಾತ್ರ ಎರಡೂ ಇಲ್ಲವೆನ್ನುವಷ್ಟು ಕಡಿಮೆ. ಕಲ್ಲಿನ ಬಿರುಕಿನಲ್ಲಿ ಎಲ್ಲೋ ಮಳೆಯ ನೀರು ನೂರಾರು ವರ್ಷದಿಂದ ಸೋಸಿ ಸೋಸಿ ನಿಂತಿದೆ ಎಂದು ಅವನು ಕಟ್ಟೆಯ ಮೇಲೆ ಕೂತು ಬೊಮ್ಮಯ್ಯನಿಗೆ ಚಿತ್ರ ಬರೆದು ವಿವರಿಸಿದ. ಬೊಮ್ಮಯ್ಯ ಎಲ್ಲದಕ್ಕೂ ಹೌದ್ರಿ ಹೌದ್ರಿ ಎಂದ. ಇಂಥ ನೀರನ್ನು ಕೈಪಂಪಿಗೆ ಬಿಡಬಾರದು, ಮೋಟರು ಇಳಿಸಿ ಊರಿನ ಟ್ಯಾಂಕಿಗೇ ಕೊಡೋಣ, ಅದಕ್ಕೆ ಮುಂಚೆ ಎರಡು ತಾಸು ಬಿಡದೆ ನೀರು ಎತ್ತಿ ಎಷ್ಟು ಬರುತ್ತದೆ ನೋಡಬೇಕು ಎಂದು ಹೇಳಿ, ಮುಂದಿನ ಬುಧವಾರದ ದಿನ ಗೊತ್ತು ಮಾಡಿ ಹೋದ.

ಎರಡು ತಾಸು! ಬೊಮ್ಮಯ್ಯ ಮೊಪೆಡ್ ಹತ್ತಿ ನಬೀಸಾಬನ ಅಂಗಡಿಗೆ ಹೋದ. ನಬೀಸಾಬ್ ಒಂದು ಮೋಟರು ಬಿಚ್ಚಿ ಕೂತಿದ್ದ. ಪೂರ್ತಿ ಕೇಳಿಸಿಕೊಂಡು, ಕೈಯ ಎಣ್ಣೆ ಒರೆಸಿಕೊಂಡ.

“ಬೊಮ್ಮಣ್ಣ, ನೀರು ಸೋರಿದ್ರ ವಾಷರ್ ಹಾಕ್ತೀನಿ. ಸುಳ್ಳು ಸೋರಿದ್ರ ನನ್ನತ್ರ ಸಾಮಾನಿಲ್ಲ,” ಎಂದ. ಆಮೇಲೆ ಚಾ ತರಿಸಿದ. ನಿಜ ಹೇಳಿಬಿಡು, ಅದು ಅಗ್ಗ ಎಂದು ಬುದ್ಧಿ ಹೇಳಿದ.

ನಿಜ ಹೇಳುವುದೋ ಬೇಡವೋ ಎಂದು ಬೊಮ್ಮಯ್ಯ ಯೋಚಿಸುತ್ತಿರುವಾಗಲೇ ಸೋಮವಾರ ಶುದ್ಧ ನೀರಿನ ಘಟಕ ಕೆಟ್ಟುನಿಂತಿತು. ಅದೇ ದಿನ ಬೋರಿಂಗೂ ನಿಂತಿತು. ಎರಡಕ್ಕೂ ಒಂದೇ ದಿನ ಜ್ವರ ಬಂದದ್ದು ಊರಲ್ಲಿ ಬೇರೆ ಯಾರಿಗೂ ವಿಶೇಷವೆನಿಸಲಿಲ್ಲ. ಹಂಪಕ್ಕ ಮಾತ್ರ ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಘಟಕದ ಬೀಗದಿಂದ ಬೋರಿಂಗಿನ ಸೀರೆಯವರೆಗೆ ಒಂದು ಸಲ ನಡೆದು ನೋಡಿದಳು. ದಾರಿಯ ಉದ್ದಕ್ಕೂ ಮೊಪೆಡ್ಡಿನ ಚಕ್ರದ ಗುರುತು ಕಾಲುದಾರಿಯಂತೆ ಬಿದ್ದಿತ್ತು. ಸೀರೆ ಸರಿಸಿದಳು. ಒಳಗೆ ಬೊಮ್ಮಯ್ಯ ಒಂದು ಕೈಯಲ್ಲಿ ಪಾನ, ಒಂದು ಕೈಯಲ್ಲಿ ಗಂಟೆ ಹಿಡಿದು, ಖಾಲಿ ಕ್ಯಾನಿನ ಮೇಲೆ ಕೂತಿದ್ದ.

ಅವಳು ಬೈಯಬೇಕೆಂದೇ ಬಾಯಿ ತೆರೆದಳು. ಅವನ ಮುಖ ನೋಡಿ ಬಾಯಿ ಮುಚ್ಚಿದಳು. ಮೂವತ್ತೆಂಟು ದಿನ ಐದಕ್ಕೆ ಎದ್ದು ಅವನು ಅರ್ಧ ಆಗಿದ್ದ. ಕಣ್ಣ ಸುತ್ತ ಕಪ್ಪಾಗಿತ್ತು. ಅವನೇ ಎಲ್ಲ ಹೇಳಿದ, ಅಪ್ಪನ ಹೆಸರು, ಕಟ್ಟೆ, ಬಿಟ್ಟುಹೋದ ಸೊನ್ನೆ, ತಾಯಿ ಕುಡಿದ ಬೊಗಸೆ ನೀರು. ತಾಯಿಗೆ ಏನೆಂದು ಹೇಳಲಿ ಎಂದು ಕೇಳಿದ.

“ಮದ್ಲ ಸಾಹೇಬ್ರಿಗೆ ಹೇಳು. ನಾನು ಪಕ್ಕದಾಗ ನಿಂತಿರ್ತೀನಿ,” ಎಂದಳು ಹಂಪಕ್ಕ. ಯಾಕೆ ಹಾಗೆ ಹೇಳಿದೆನೆಂದು ಅವಳಿಗೆ ಆಮೇಲೂ ಗೊತ್ತಾಗಲಿಲ್ಲ. ಅವನ ಮೇಲಿನ ಸಿಟ್ಟು ಇಳಿದಿರಲಿಲ್ಲ.

ಬುಧವಾರ ಅರುಣ್ ಕುಮಾರ್ ಜೀಪಿನಲ್ಲಿ ಮೋಟರು, ಅಳತೆಯ ಡ್ರಮ್ಮು ಎಲ್ಲ ತಂದಿದ್ದ. ಮೊದಲು ಕೈಯಲ್ಲಿ ಒತ್ತಿ ನೋಡೋಣ ಎಂದ. ಮಾರೇಶ್ ಈ ಸಲ ಚಪ್ಪಲಿ ಬಿಚ್ಚಿಟ್ಟು ಒತ್ತಿದ. ನಲವತ್ತು ಸಲ ಗಾಳಿ ಬಂತು. ಅರುಣ್ ಕುಮಾರ್ ಇನ್ನೂ ನಲವತ್ತು ಸಲ ಒತ್ತಿಸಿದ. ಒಂದು ಜಿರಲೆ ಹೊರಬಂತು. ಅವನ ಮುಖದ ಬೆಳಕು ಆರಿತು. ರಿಜಿಸ್ಟರಿನ ಸುಸ್ಥಿತಿಯ ಕೆಳಗೆ ಅವನೇ ಗೆರೆ ಎಳೆದು ಸಹಿ ಮಾಡಿಯಾಗಿತ್ತು. ಬದುಕಿದ್ದು, ಸತ್ತು, ಮತ್ತೆ ಬದುಕಿ, ಮತ್ತೆ ಸತ್ತದ್ದಕ್ಕೆ ಅದರಲ್ಲಿ ಕಾಲಂ ಇರಲಿಲ್ಲ.

ಆಗ ಹಂಪಕ್ಕ ಬೊಮ್ಮಯ್ಯನ ಬೆನ್ನಿಗೆ ಮೊಣಕೈಯಿಂದ ತಿವಿದಳು. ಬೊಮ್ಮಯ್ಯ ಮುಂದೆ ಬಂದು, ಕೈ ಕಟ್ಟಿ, ಇಡೀ ಊರಿನ ಎದುರಿಗೆ ಹೇಳಿದ. ಕ್ಯಾನು, ಸೀರೆ, ಗಂಟೆ, ಯಾವುದನ್ನೂ ಬಿಡಲಿಲ್ಲ. ಗ್ರೀಸು ಹಚ್ಚಿದವರ ಹೆಸರೊಂದನ್ನು ಮಾತ್ರ ಹೇಳಲಿಲ್ಲ. ಜನಕ್ಕೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮಾರೇಶ್ ಮಾತ್ರ, ರುಚಿ ಬೇರೆಯೇ ಇತ್ತು ಎಂದು ವಾದಿಸುತ್ತಲೇ ಇದ್ದ.

ಬೊಮ್ಮಯ್ಯ ಕೊನೆಗೆ ತಾಯಿಯ ಕಡೆ ತಿರುಗಿದ. ಮೈಲಮ್ಮ ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದಳು.

“ನಿಮ್ಮಪ್ಪ ತೆಗಿಸಿದ ನೀರು ಉಪ್ಪುಪ್ಪು ಇತ್ತೋ. ಬ್ಯಾಳಿ ಬೇಯ್ತಿರಲಿಲ್ಲ. ಮೊದಲ್ನೇ ಗುಟುಕಿಗೆ ನಂಗ ಗೊತ್ತಾತು,” ಎಂದಳು. “ಹೇಳಿದ್ರ ನೀನು ಮತ್ತ ಒಂಬತ್ತಕ್ಕ ಏಳ್ತಿದ್ದಿ. ಅದಕ್ಕ ಸುಮ್ನಿದ್ದೆ.”

ಈಗ ಊರೆಲ್ಲ ನಕ್ಕಿತು. ಬೊಮ್ಮಯ್ಯನೂ ನಗಲೋ ಅಳಲೋ ಎಂದು ನೋಡಿ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದ.

ನಗದೆ ಇದ್ದವನು ಅರುಣ್ ಕುಮಾರ್ ಒಬ್ಬನೇ. ಅವನು ಜೀಪಿನ ಬಾನೆಟ್ಟಿನ ಮೇಲೆ ನಿಯಮದ ಪುಸ್ತಕ ಹರಡಿ ಹಾಳೆ ತಿರುವುತ್ತಿದ್ದ. ಪೊಲೀಸರನ್ನು ಕರೆಸುತ್ತಾನೇನೋ ಎಂದು ಜನ ಸುಮ್ಮನಾದರು. ಅವನು ಬೊಮ್ಮಯ್ಯನನ್ನು ಹತ್ತಿರ ಕರೆದು, ದಿನಕ್ಕೆ ಎಷ್ಟು ಕ್ಯಾನು, ಎಷ್ಟು ದಿನ ಎಂದು ಕೇಳಿದ. ಹದಿನಾರು ಕ್ಯಾನು, ಮೂವತ್ತೆಂಟು ದಿನ ಎಂದ ಬೊಮ್ಮಯ್ಯ. ಹಾಕಿದ್ದೆಲ್ಲ ವಾಪಸು ಬರುತ್ತಿತ್ತೇ ಎಂದು ಕೇಳಿದ. ಇಲ್ಲ, ಹತ್ತು ಕೊಡದಲ್ಲಿ ನಾಲ್ಕು ಇಂಗಿಹೋಗುತ್ತಿತ್ತು ಎಂದ ಬೊಮ್ಮಯ್ಯ. ಅರುಣ್ ಕುಮಾರ್ ಮೊಬೈಲಿನಲ್ಲಿ ಲೆಕ್ಕ ಒತ್ತಿದ.

“ನಾಲ್ಕು ಸಾವಿರದ ಎಂಟುನೂರ ಅರವತ್ತನಾಲ್ಕು ಲೀಟರ್ ನೀರು ಭೂಮಿಗೆ ಇಂಗಿಸೀರಿ ನೀವು,” ಎಂದ. ಅವನ ದನಿಯಲ್ಲಿ ನಿಧಾನವಾಗಿ ಗೌರವ ಬಂತು. “ಇದಕ್ಕೆ ಮರುಪೂರಣ ಅಂತಾರೆ ಯಜಮಾನ್ರೆ. ಎರಡು ವರ್ಷದಿಂದ ಊರೂರು ತಿರುಗಿ ಹೇಳ್ತಿದ್ದೀನಿ. ಒಬ್ರೂ ಮಾಡಿರಲಿಲ್ಲ.”

ಪುಸ್ತಕದ ಪ್ರಕಾರ ಮೇಲಕ್ಕೆ ನೀರು ಬರುವ ಜಾಗ ಕುಡಿಯುವ ನೀರಿನ ಮೂಲ. ಕೆಳಕ್ಕೆ ನೀರು ಹೋಗುವ ಜಾಗ ಮರುಪೂರಣದ ರಚನೆ. ಮೂಲದ ಸುತ್ತ ಐನೂರು ಮೀಟರ್ ಬಿಡಬೇಕು, ಮರುಪೂರಣದ ಹತ್ತಿರ ಹೊಸ ಬೋರು ಬಂದರೆ ತೊಂದರೆಯಿಲ್ಲ. ತುಗ್ಗಲಹಟ್ಟಿಯ ಕೈಪಂಪನ್ನು ಒಂದು ಪಟ್ಟಿಯಿಂದ ತೆಗೆದು ಇನ್ನೊಂದಕ್ಕೆ ಸೇರಿಸಿದರಾಯಿತು. ಹಾಗೆ ಸೇರಿಸಿದ್ದನ್ನು ಒಡೆಯುವಂತಿಲ್ಲ. ಕಟ್ಟೆಯನ್ನೂ ಒಡೆಯುವಂತಿಲ್ಲ. ಒಳಗಿನ ಕಲ್ಲು ತೆಗೆಸಿ, ಮಳೆ ಬಂದಾಗ ಪಕ್ಕದ ಗುಡಿಯ ಮಾಳಿಗೆಯ ನೀರನ್ನು ಪೈಪಿನಲ್ಲಿ ಒಳಕ್ಕೆ ಬಿಡಬೇಕು, ಫಿಲ್ಟರ್ ನೀರನ್ನು ಮಾತ್ರ ದಯವಿಟ್ಟು ಇನ್ನು ಹಾಕಬೇಡಿ ಎಂದ. ಅಲ್ಲೇ ಮಹಜರು ಬರೆದ. ಸಾಕ್ಷಿಯಾಗಿ ಹಂಪಕ್ಕ ಮತ್ತೆ ಸಹಿ ಮಾಡಿದಳು. ಈ ಸಲ ಹೆಸರಿನ ಕೆಳಗೆ ಎರಡು ಗೆರೆ ಎಳೆದಳು.

ಅನುಮತಿ ಪತ್ರ ಇಪ್ಪತ್ತು ದಿನಕ್ಕೆ ಬಂತು. ಬೋರ್ ಲಾರಿ ಬಂದ ದಿನ ಹನುಮಣ್ಣ ಕುರಿಗಳನ್ನೂ ಹೊಡೆದುಕೊಂಡು ಬಂದಿದ್ದ. ಇನ್ನೂರು ಅಡಿಯವರೆಗೆ ಬರೀ ಬಿಳಿ ಧೂಳು. ಹಂಪಕ್ಕ, ಬೊಮ್ಮಯ್ಯ, ಕುರಿ ಎಲ್ಲರೂ ಒಂದೇ ಬಣ್ಣವಾದರು. ಮುನ್ನೂರಕ್ಕೂ ಧೂಳು. ಮುನ್ನೂರ ನಲವತ್ತಕ್ಕೆ ಧೂಳು ಕೆಸರಾಯಿತು. ಮುನ್ನೂರ ಅರವತ್ತಕ್ಕೆ ಒಂದೂವರೆ ಇಂಚಿನ ನೀರು ಹಾರಿತು. ಕುರಿಗಳು ದಿಕ್ಕಾಪಾಲಾಗಿ ಓಡಿದವು. ಹನುಮಣ್ಣ ಅವುಗಳ ಹಿಂದೆ ಓಡಿದ. ಹೀಗಾಗಿ ಹೆಂಡತಿ ನೀರಲ್ಲಿ ನಿಂತು ಚಿಕ್ಕ ಹುಡುಗಿಯ ಹಾಗೆ ಕಾಲು ಬಡಿದದ್ದನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ. ಬೊಮ್ಮಯ್ಯ ನೋಡಿದ. ನೋಡಿಯೂ ನೋಡದವನಂತೆ ಲಾರಿಯವನ ಜೊತೆ ಕೇಸಿಂಗ್ ಪೈಪಿನ ಮಾತು ತೆಗೆದ.

ಆ ಮಳೆಗಾಲದಲ್ಲಿ ಬೊಮ್ಮಯ್ಯನಿಗೂ ಒಂದು ಕಾಗದ ಬಂತು. ಕೂಡ್ಲಿಗಿಯಲ್ಲಿ ಅಂತರ್ಜಲದ ಬಗ್ಗೆ ರೈತರ ಸಭೆ ಇದೆ, ಸ್ವಂತ ಶ್ರಮದಿಂದ ಮರುಪೂರಣ ಮಾಡಿದವರಾಗಿ ತಾವು ಬಂದು ಹತ್ತು ನಿಮಿಷ ಮಾತಾಡಬೇಕು ಎಂದು ಅರುಣ್ ಕುಮಾರ್ ಬರೆದಿದ್ದ. ಬೊಮ್ಮಯ್ಯ ಗಾಬರಿಯಾಗಿ ಕಾಗದವನ್ನು ಹಂಪಕ್ಕನ ಹೊಲಕ್ಕೆ ತಂದ. ಅವಳು ಮಾಗಳದಿಂದ ತಂದ ಮಲ್ಲಿಗೆ ಕಡ್ಡಿಗಳನ್ನು ಸಾಲು ಹಿಡಿದು ಊರುತ್ತಿದ್ದಳು. ಏನು ಮಾತಾಡಬೇಕು ಎಂದು ಅವನು ಕೇಳಿದ. ನಡೆದದ್ದನ್ನು ಹೇಳು ಎಂದಳು. ನಡೆದದ್ದನ್ನು ಹೇಳಿದರೆ ನಗುತ್ತಾರೆ ಎಂದ. ನಕ್ಕರೆ ನಗಲಿ, ನಿಮ್ಮಪ್ಪನ ಹೆಸರು ಮೈಕಿನಲ್ಲಿ ಹೇಳಿದ ಹಾಗೂ ಆಗುತ್ತದೆ ಎಂದಳು.

ಅದು ಅವನಿಗೆ ಹೊಳೆದಿರಲಿಲ್ಲ. ಕಾಗದ ಮಡಚಿ ಜೇಬಿಗಿಟ್ಟು, ಇಸ್ತ್ರಿ ಮಾಡಿದ ಅಂಗಿ ಇದೆಯೋ ಇಲ್ಲವೋ ನೋಡುತ್ತೇನೆ ಎಂದು ಮನೆಯ ಕಡೆ ಹೊರಟ. ಹಂಪಕ್ಕ ಮುಂದಿನ ಗುಣಿಗೆ ನೀರು ತಿರುಗಿಸಿದಳು.